ಒಂದೇ ಬೀರಿಗೆ ಫುಲ್ ಕಂಟೇನರ್

ಹಡಗಿನಲ್ಲಿ ಸಾಮಾನು ಕಳಿಸಬೇಕು ಅಂತ ಕೌಂಟರಿಗೆ ಯಾರೇ ಬರಲಿ, ಹೀರೋ ಮೊದಲು ಎದ್ದು ನಿಂತು ಅಂಗಿಯ ಕಾಲರ್ ಎತ್ತಿಕೊಳ್ಳುತ್ತಿದ್ದ. ಹೀರೋ ಎಂಬುದು ಅವನ ಹೆಸರಲ್ಲ. ಕೂತರೂ ನಿಂತರೂ ಸಿನಿಮಾ ಡೈಲಾಗ್ ಹೊಡೆಯುವ ಈ ಅಳಿಯನಿಗೆ ಆಫೀಸಿನ ಯಜಮಾನ, ಅಂದರೆ ಅವನ ಸೋದರಮಾವ, ತಲೆ ಚಚ್ಚಿಕೊಂಡು ಇಟ್ಟ ಹೆಸರು ಅದು. ಚಚ್ಚಿಕೊಂಡ ತಲೆಯ ನೋವು ಹೋಯಿತು, ಹೆಸರು ಉಳಿಯಿತು.

"ದಾರಿ ಮೂರು," ಎಂದು ಶುರು ಮಾಡುತ್ತಿದ್ದ ಅವನು. "ಒಂದು, ಷೇರಿಂಗ್. ಷೇರ್ ಟ್ಯಾಕ್ಸಿ ಥರ. ಒಂದೇ ಕಂಟೇನರಲ್ಲಿ ನಿಮ್ಮ ಮಂಚ, ಅವರ ಫ್ರಿಜ್ಜು, ಇನ್ಯಾರದೋ ಸೈಕಲ್ಲು. ಒಬ್ಬರ ತೊಡೆ ಮೇಲೆ ಒಬ್ಬರು ಕೂತ್ಕೊಂಡು ಹೋಗ್ತವೆ. ಎರಡು, ಫುಲ್. ಇಡೀ ಥಿಯೇಟರ್ ಬುಕ್ ಮಾಡಿ ಒಬ್ಬರೇ ಕಾಲು ಚಾಚ್ಕೊಂಡು ಪಿಕ್ಚರ್ ನೋಡೋ ಥರ. ಮೂರು, ಬಿಡಿ ಸರಕು. ಡಬ್ಬಿನೂ ಇಲ್ಲ ಗಿಬ್ಬಿನೂ ಇಲ್ಲ. ಕ್ರೇನಲ್ಲಿ ಎತ್ತೋದು, ಹಡಗಿನ ಮೇಲೆ ಇಡೋದು, ಹಗ್ಗ ಬಿಗಿಯೋದು. ಬಸ್ ಟಾಪ್ ಮೇಲೆ ಲಗೇಜು. ಹೇಳಿ, ಯಾವ ಕ್ಲಾಸ್ ಟಿಕೆಟ್ ಕೊಡ್ಲಿ?"

ಗಿರಾಕಿಗಳು ನಗುತ್ತಿದ್ದರು. ಆವತ್ತು ಎದುರಿಗೆ ಕೂತವಳು ನಗಲಿಲ್ಲ. ಅವಳು ಅವನ ಸ್ವಂತ ಅಕ್ಕ.

"ನನಗೆ ಫುಲ್ ಬೇಕು," ಅಂದಳು.

"ಭೇಷ್. ಸಾಮಾನು ಏನೇನಿದೆ?"

"ಬೀರು."

"ಬೀರು. ಆಮೇಲೆ?"

"ಬಟ್ಟೆ ಬೀರು ಒಂದೇ ಕಣೋ."

ಹೀರೋ ಗಾಜಿನ ಗೂಡಿನಲ್ಲಿ ಕೂತಿದ್ದ ಮಾವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅಕ್ಕ, ಒಂದು ಬೀರಿಗೆ ಫುಲ್ ಕಂಟೇನರಾ? ಒಂದು ಸೊಳ್ಳೆ ಹೊಡಿಯೋಕೆ ಫಿರಂಗಿ ತರಿಸ್ತಾರಾ? ಷೇರಿಂಗಲ್ಲಿ ಹಾಕ್ತೀನಿ ಬಿಡು, ಒಂದು ಮೂಲೆಯಲ್ಲಿ ಆರಾಮಾಗಿ ಹೋಗುತ್ತೆ."

"ಷೇರಿಂಗ್ ಆದ್ರೆ ಯಾರು ತುಂಬ್ತಾರೆ?"

"ನಮ್ಮ ಸರಕಿನ ಶೆಡ್ಡಿನವರು. ಮನೆಗೆ ಬಂದು ಎತ್ಕೊಂಡು ಹೋಗ್ತಾರೆ. ನಿನಗೆ ಶೆಡ್ ಒಳಗೆ ಎಂಟ್ರಿ ಇಲ್ಲ."

"ಫುಲ್ ಆದ್ರೆ?"

"ಕಂಟೇನರೇ ನಿನ್ನ ಮನೆ ಬಾಗಿಲಿಗೆ ಬರುತ್ತೆ. ನೀನೇ ತುಂಬೋದು, ನಿನ್ನ ಕಣ್ಮುಂದೆನೇ ಸೀಲು. ಆಚೆ ದಡ ಮುಟ್ಟೋವರೆಗೂ ಒಬ್ಬ ನರಮನುಷ್ಯ ಬಾಗಿಲು ತೆಗೆಯಲ್ಲ."

"ಒಳಗೆ ಗಾಳಿ ಆಡುತ್ತಾ?"

"ಮೇಲ್ಗಡೆ ಪುಟ್ಟ ಪುಟ್ಟ ಗಾಳಿಕಿಂಡಿ ಇರ್ತವೆ, ಬೆಳಕೂ ನೀರೂ ಬರದ ಹಾಗೆ ಮರೆ ಮಾಡಿದ್ದು. ಬಟ್ಟೆ ಮುಗ್ಗು ಹಿಡಿಯಲ್ಲ, ಹೆದರಬೇಡ."

"ಬಟ್ಟೆಗೆ ಕೇಳಿದ್ದಲ್ಲ," ಅಂದಳು ಅಕ್ಕ. ಕೈಚೀಲ ಎತ್ತಿಕೊಂಡು ಹೊರಟೇಬಿಟ್ಟಳು. "ಫುಲ್ಲೇ ಹಾಕು."

ಭಾವ ತೀರಿಕೊಂಡು ವರ್ಷ ತುಂಬಿರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು, ಅಕ್ಕ ಟೀ ಲೋಟ ಹಿಡಿದುಕೊಂಡು ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ಆಮೇಲೆ ಅವಳಿಗೆ ಸಮುದ್ರದಾಚೆ ಒಂದು ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಸಿಕ್ಕಿತು. ಮಂಚ, ಮೇಜು, ಪಾತ್ರೆ ಎಲ್ಲ ಮಾರಿದಳು. ಬೀರನ್ನು ಮಾತ್ರ ಕೇಳಲು ಬಂದವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದಳು. ಭಾವ ತಮ್ಮ ಕೈಯಾರೆ ಮಾಡಿದ್ದ ಬೀರು ಅದು. ಒಡೆದ ಸರಕುಪೆಟ್ಟಿಗೆಗಳ ಹಲಗೆ ತಂದು, ಉಜ್ಜಿ, ಪಾಲಿಶ್ ಹಚ್ಚಿ ಕೂಡಿಸಿದ್ದರು. ಎಷ್ಟು ಉಜ್ಜಿದರೂ ಬಾಗಿಲ ಮೇಲೆ ಪೆಟ್ಟಿಗೆಯ ಎಚ್ಚರಿಕೆಗುರುತುಗಳಾದ ಕೊಡೆಯ ಚಿತ್ರ, ಒಡೆಯುವ ಲೋಟದ ಚಿತ್ರ ಮಸುಕಾಗಿ ಉಳಿದಿದ್ದವು. "ನಮ್ಮ ಬೀರು ಮಳೆಗೂ ಹೆದರುತ್ತೆ, ಬೀಳೋಕೂ ಹೆದರುತ್ತೆ," ಎಂದು ಭಾವ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಮಾವನ ಶೆಡ್ಡಿನಲ್ಲಿ ಬೆಳಕು ನೋಡುವ ಕೆಲಸ ಭಾವನದಾಗಿತ್ತು. ಸರಕು ತುಂಬುವ ಮುಂಚೆ ಖಾಲಿ ಕಂಟೇನರಿನೊಳಗೆ ಒಬ್ಬ ಹೋಗಿ ನಿಲ್ಲಬೇಕು. ಹೊರಗಿನವರು ಎರಡೂ ಬಾಗಿಲು ಹಾಕುತ್ತಾರೆ. ಒಳಗಿನವನು ಆ ಕಗ್ಗತ್ತಲಲ್ಲಿ ಸುತ್ತ ಕಣ್ಣಾಡಿಸುತ್ತಾನೆ. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ, ಸಮುದ್ರದ ನೀರು ಒಳಗೆ ಬರುತ್ತದೆ ಎಂದು ಅರ್ಥ. ಏನೂ ಕಾಣದಿದ್ದರೆ ಬಾಗಿಲು ಬಡಿಯುತ್ತಾನೆ. ಎರಡು ಒಟ್ಟಿಗೆ, ಒಂದು ತಡೆದು: ಟಕ್‌ಟಕ್... ಟಕ್. ಎಲ್ಲ ಕತ್ತಲಾಗಿದೆ, ಇನ್ನು ತೆಗೆಯಿರಿ ಎಂದು ಅದರ ಮಾತು. ಕಂಟೇನರಿಗೆ ಒಳಗಡೆ ಚಿಲಕವಿಲ್ಲ. ಹೊರಗಿನವರು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀರೋ ಬಾಗಿಲ ಹತ್ತಿರ ಇದ್ದ ದಿನ ಬೇಗ ತೆಗೆಯುತ್ತಲೇ ಇರಲಿಲ್ಲ. "ಹ್ಹಹ್ಹಹ್ಹಾ! ಈ ಕೋಟೆಯೊಳಗೆ ಬಂದವನು ಹೆಣವಾಗಿಯೇ ಹೋಗಬೇಕು ಸೇನಾಪತಿ!" ಎಂದು ಗುಡುಗುತ್ತಿದ್ದ. ಒಳಗಿನಿಂದ ಭಾವನ ನಗು ತಗಡಿಗೆ ಬಡಿದು ಬರುತ್ತಿತ್ತು: "ಲೋ, ಕ್ಲೈಮ್ಯಾಕ್ಸ್ ಬೇಗ ಮುಗಿಸೋ, ಬೆವರು ಕಿತ್ಕೊಂಡು ಬರ್ತಿದೆ!"

ಮರುದಿನ ಊಟದ ಹೊತ್ತಿಗೆ ಹೀರೋ ಬೀರಿನ ಅಳತೆ ತೆಗೆಯಲು ಅಕ್ಕನ ಮನೆಗೆ ಹೋದ. ಮನೆ ಎಂದರೆ ಈಗ ಗೋಡೆಗಳಷ್ಟೇ. ಮಾತಾಡಿದರೆ ಮಾತು ಮೂಲೆ ಮುಟ್ಟಿ ವಾಪಸ್ ಬರುತ್ತಿತ್ತು. ಮಲಗುವ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಬೀರು ಒಂದೇ ನಿಂತಿತ್ತು. ಅದರ ಎದುರಿಗೆ ನೆಲದ ಮೇಲೆ ಒಂದು ಚಾಪೆ.

"ಇಲ್ಲೇ ಮಲಗ್ತೀಯಾ?"

"ಹೂಂ. ಕರೆದ್ರೆ ಕೇಳಿಸ್ಬೇಕಲ್ಲ."

"ಯಾರು ಕರೆದ್ರೆ?"

ಅಕ್ಕ ಅಡುಗೆಮನೆಗೆ ಹೋದಳು. ಹೀರೋ ಬೀರಿನ ಬಾಗಿಲು ತೆರೆದ. ಪಾಲಿಶ್ ವಾಸನೆ ಮುಖಕ್ಕೆ ಹೊಡೆಯಿತು, ನಿನ್ನೆ ಮೊನ್ನೆ ಹಚ್ಚಿದಷ್ಟು ಜೋರಾಗಿ. ಒಂದು ಪಕ್ಕ ಭಾವನ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಇನ್ನೊಂದು ಪಕ್ಕದ ಖಾನೆಗಳನ್ನೆಲ್ಲ ಕಿತ್ತು ಹಾಕಿ, ಕೆಳಗೆ ಒಂದು ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಲಾಗಿತ್ತು. ಮೂಲೆಯಲ್ಲಿ ಒಂದು ದಿಂಬು. ಮಂಡಿ ಮಡಚಿ ಕೂತರೆ ಒಬ್ಬಳು ಹೆಂಗಸಿಗೆ ಸರಿಯಾಗುವಷ್ಟು ಜಾಗ.

"ಅಕ್ಕ, ಇದೇನು ಸೆಟ್ಟಿಂಗು?"

"ಅವರೇ ಜಾಗ ಮಾಡು ಅಂದ್ರು," ಅಡುಗೆಮನೆಯಿಂದ ದನಿ ಬಂತು, ಉಪ್ಪು ತೀರಿದೆ ಎಂದು ಹೇಳುವಷ್ಟು ಮಾಮೂಲಾಗಿ.

ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ ಹೀರೋ. ಹುಟ್ಟಿದಾಗಿನಿಂದ ಅವಳನ್ನು ಬೆಚ್ಚಿಬೀಳಿಸಿ ಬದುಕಿದವನು ಅವನು. ಒಂದು ದಿನ ಅಸಲು ಬಡ್ಡಿ ಸೇರಿಸಿ ಕೊಟ್ಟೇ ಕೊಡುತ್ತಾಳೆ ಎಂದು ಗೊತ್ತಿತ್ತು. ಎದೆ ಸೆಟೆಸಿ ಬೀರಿನೊಳಗೆ ಬೆರಳು ತೋರಿಸಿದ. "ಯಾರೋ ನೀನು? ಗಂಡಸಾದರೆ ಎದುರಿಗೆ ಬಾ!"

ಯಾರೂ ಬರಲಿಲ್ಲ. ಹೀರೋ ತನಗೆ ತಾನೇ ಸೀಟಿ ಹೊಡೆದುಕೊಂಡು ಸ್ಟೀಲ್ ಟೇಪು ತೆಗೆದ. ಎತ್ತರ ಆಯಿತು, ಅಗಲ ಆಯಿತು. ಆಳ ನೋಡಲು ಟೇಪಿನ ತುದಿಯನ್ನು ಅಂಗಿಗಳ ನಡುವೆ ತೂರಿಸಿದ. ಹಲಗೆಗೆ ತಾಗಬೇಕಿತ್ತು. ತಾಗಲಿಲ್ಲ. ಟೇಪು ಹೋಗುತ್ತಲೇ ಇತ್ತು, ಸರಸರ, ಸರಸರ. ಹೊರಗಿನಿಂದ ನೋಡಿದರೆ ಬೀರು ಒಂದು ತೋಳಿನಷ್ಟೂ ಆಳವಿರಲಿಲ್ಲ. ಹಿಂದೆ ಗೋಡೆ. ಟೇಪು ಮಾತ್ರ ಆಳುದ್ದ ಒಳಗೆ ಇಳಿದು ಆಮೇಲೆ ಒಮ್ಮೆ ಬಿಗಿಯಾಯಿತು.

ಅವನು ಎಳೆದ. ಆಚೆಯಿಂದ ಮೆಲ್ಲನೆ ತಡೆದರು. ಜಗ್ಗಾಟವೇನಿಲ್ಲ. ಅಳತೆ ತೆಗೆಯುವವನಿಗೆ ಇನ್ನೊಂದು ತುದಿ ಹಿಡಿದುಕೊಂಡು ನಿಂತವರು, ಓದಿಕೊಂಡೆಯಾ, ಬಿಡಲಾ ಎಂದು ಕಾಯುತ್ತಾರಲ್ಲ, ಹಾಗೆ. ಹೀರೋನ ಬಾಯಲ್ಲಿದ್ದ ಸೀಟಿ ಅಲ್ಲೇ ಒಣಗಿತು. ಟೇಪು ತಟ್ಟನೆ ಸಡಿಲವಾಗಿ ಸರ್ರನೆ ಸುತ್ತಿಕೊಂಡು ಬಂದು ಅವನ ಹೆಬ್ಬೆರಳು ಗೀರಿತು. ಅಂಗಿಗಳ ಹಿಂದಿನಿಂದ ಮರದ ಮೇಲೆ ಬಡಿದ ಸದ್ದು.

ಟಕ್‌ಟಕ್... ಟಕ್.

"ಕೇಳಿಸ್ತಾ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಮದುವೆಯ ಹೊಸತರಲ್ಲಿದ್ದ ಕಳೆ. "ದಿನಾ ಬಡಿತಾರೆ. ನಾನು ತೆಗಿತೀನಿ. ಅಂಗಿ ಬಿಟ್ರೆ ಏನೂ ಕಾಣಲ್ಲ. ಮತ್ತೆ ಹಾಕ್ತೀನಿ, ಮತ್ತೆ ಬಡಿತಾರೆ. ಆಮೇಲೆ ಅರ್ಥ ಆಯ್ತು ಕಣೋ. ಒಳಗೆ ಬಾ ಅಂತಿದಾರೆ."

"ಅಕ್ಕ, ನಿನ್ನ ವಿಮಾನ ಯಾವತ್ತು?"

"ವಿಮಾನ ಯಾಕೆ? ನಾವು ಒಟ್ಟಿಗೇ ಹೋಗ್ತೀವಿ."

ಹೀರೋ ಮೆಟ್ಟಿಲು ಹೇಗೆ ಇಳಿದ, ಬೀದಿ ಹೇಗೆ ದಾಟಿದ ಎಂಬುದು ಅವನಿಗೇ ತಿಳಿಯಲಿಲ್ಲ. ಸೀದಾ ಮಾವನ ಗಾಜಿನ ಗೂಡಿಗೆ ನುಗ್ಗಿದ.

"ಮಾವ, ಅಕ್ಕನ ಫುಲ್ ಕ್ಯಾನ್ಸಲ್ ಮಾಡಿ. ಅವಳು ಬೀರೊಳಗೆ ಕೂತ್ಕೊಂಡು ಹೋಗ್ತಾಳಂತೆ. ಆ ಬೀರೊಳಗೆ ಭಾವ ಇದಾರೆ."

ಮಾವ ಕನ್ನಡಕ ತೆಗೆದು ಒರೆಸಿದರು. "ಹೋದ ತಿಂಗಳು ಶೆಡ್ಡಲ್ಲಿ ಹೆಬ್ಬಾವು ಅಂದೆ ನೀನು. ಅರ್ಧ ಊರಿಗೆ ಫೋನ್ ಮಾಡಿದೆ ನಾನು. ನೋಡಿದ್ರೆ ಲಾರಿ ಟ್ಯೂಬು. ಅದಕ್ಕಿಂತ ಮುಂಚೆ ನಾನು ಸತ್ತೆ ಅಂತ ನೀನು ನಿಮ್ಮತ್ತೆಗೇ ಫೋನ್ ಮಾಡಿದ್ದೆ."

"ಮಾವ, ಅದು ತಮಾಷೆಗೆ..."

"ನಿಮ್ಮತ್ತೆ ಒಂದು ಹನಿ ಕಣ್ಣೀರೂ ಹಾಕಲಿಲ್ಲ ಕಣೋ. ಅದೇ ನನಗೆ ಹೊಟ್ಟೆ ಉರಿ."

"ಮಾವ, ನಿಮ್ಮ ಕಾಲು ಹಿಡಿತೀನಿ. ಬಾಗಿಲು ಹಾಕಿ ಸೀಲ್ ಬಿದ್ರೆ ಅವಳು ಉಳಿಯಲ್ಲ."

"ಸಾಕು! ಗಂಡ ಸತ್ತ ಹೆಣ್ಣಿನ ಮೇಲೂ ಡೈಲಾಗಾ? ನಾಚಿಕೆ ಆಗಬೇಕು ನಿನಗೆ!"

ಹೀರೋ ತನ್ನ ಜಾಗಕ್ಕೆ ಬಂದು ಕೂತ. ಯಾರನ್ನು ಕೇಳಿದರೂ ಇದೇ ಉತ್ತರ ಎಂದು ಗೊತ್ತಿತ್ತು. ಊರಿಗೆಲ್ಲ ಟೋಪಿ ಹಾಕಿದವನ ಬರಿತಲೆ ಯಾರು ನಂಬುತ್ತಾರೆ? ಕಂಪ್ಯೂಟರಿನಲ್ಲಿ ಅಕ್ಕನ ಬುಕಿಂಗ್ ತೆಗೆದು, ಫುಲ್ ಇದ್ದದ್ದನ್ನು ಷೇರಿಂಗ್ ಮಾಡಿಟ್ಟ. ಶೆಡ್ಡಿನವರು ಬಂದು ಬೀರು ಒಯ್ದರೆ ಆಯಿತು. ಅವಳು ಗೇಟಿನಾಚೆಯೇ ನಿಲ್ಲಬೇಕಾಗುತ್ತದೆ, ಬದುಕಿಕೊಳ್ಳುತ್ತಾಳೆ. ಆ ಸಂಜೆ ಒಂದಷ್ಟು ಹೊತ್ತು ಅವನಿಗೆ ಉಸಿರು ಸಲೀಸಾಯಿತು.

ಆದರೆ ಅಕ್ಕ ಮಾವನಿಗೇ ನೇರ ಫೋನ್ ಮಾಡಿ ಖಚಿತ ಮಾಡಿಕೊಂಡಿದ್ದಳು. ಮಾವ ಬುಕಿಂಗನ್ನು ಮತ್ತೆ ಫುಲ್ ಮಾಡಿ, ಬೆಳಿಗ್ಗೆ ಅಳಿಯನನ್ನು ಬಂದರಿನ ಆ ತುದಿಗೆ ಯಾವುದೋ ಕಾಗದ ತರಲು ಅಟ್ಟಿದರು. ಅಲ್ಲಿ ಹೋದರೆ ಅಂಥ ಕಾಗದವೇ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ತನ್ನ ಮೇಲೆಯೇ ಯಾರೋ ಆಟ ಹೂಡಿದ್ದಾರೆ ಎಂದು ಹೊಳೆದದ್ದೇ ತಡ, ಹೀರೋ ಓಡಿದ.

ಅಕ್ಕನ ಬೀದಿಯಲ್ಲಿ ಟ್ರೇಲರ್ ನಿಂತಿತ್ತು. ಬೀದಿಯ ಅರ್ಧ ಬೆಳಕನ್ನು ನುಂಗಿದ ನೀಲಿ ಕಂಟೇನರು, ಎರಡೂ ಬಾಗಿಲು ಮುಚ್ಚಿತ್ತು. ಡ್ರೈವರ್ ಹಿಂಭಾಗದಲ್ಲಿ ಸೀಲು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ.

"ಅಕ್ಕ ಎಲ್ಲಿ?"

"ಒಳಗೆ. ಬೆಳಕು ನೋಡ್ತೀನಿ ಅಂದ್ರು. ಗಂಡನ ಕೆಲಸ ಅಲ್ವಾ, ಗೊತ್ತಿರುತ್ತೆ ಅಂದ್ಕೊಂಡೆ."

"ಬೀರು ಒಳಗಿಟ್ಟ ಮೇಲೆ ಯಾರಾದ್ರೂ ಬೆಳಕು ನೋಡ್ತಾರಾ?"

"ನಾನೂ ಅದೇ ಕೇಳ್ದೆ. ಒಬ್ಬರು ಎಷ್ಟೋ ಸಲ ನೋಡಿ ಆಯ್ತು, ಈಗ ಇಬ್ಬರು ಸೇರಿ ನೋಡ್ಬೇಕು ಅಂದ್ರು. ತಮಾಷೆ ಅಂದ್ಕೊಂಡೆ. ನಿಮ್ಮ ಮನೆಯವರು ಎಲ್ಲರೂ ಹಾಗೇ ಅಲ್ವಾ?"

ಆಗಲೇ ಒಳಗಿನಿಂದ ಬಡಿತ ಕೇಳಿತು. ಟಕ್‌ಟಕ್... ಟಕ್. ಬಳೆಯ ಸದ್ದು ಬೆರೆತ ಮೃದುವಾದ ಬಡಿತ. ಅದು ಮುಗಿಯುವ ಮುಂಚೆಯೇ ಇನ್ನೊಂದು, ಅದರ ಪಕ್ಕದಿಂದಲೇ, ಗಡುಸಾದ ಗೆಣ್ಣಿನದು. ಎರಡೂ ಒಂದರ ಮೇಲೊಂದು ಬಿದ್ದವು. ಆಮೇಲೆ ತಾಳ ಸರಿಹೋಗಿ ಒಟ್ಟಿಗೇ ಬಂದವು.

ಡ್ರೈವರಿನ ಕೈಯಲ್ಲಿ ತಿರುಗುತ್ತಿದ್ದ ಸೀಲು ನಿಂತಿತು. "ಒಳಗೆ ಇನ್ಯಾರಿದಾರೆ?"

ಹೀರೋ ಸರಳು ಎತ್ತಿ ಬಾಗಿಲು ಎಳೆದ. ಬೆಳಕು ಬಾಗಿಲ ಬಳಿಯೇ ನಿಂತಿತು, ಒಳಗೆ ಕಾಲಿಡಲು ಮನಸ್ಸಿಲ್ಲದ ನೆಂಟರ ಹಾಗೆ. ಹಗ್ಗ ಬಿಗಿದ ಬೀರು ತುತ್ತತುದಿಯಲ್ಲಿ ಒಂಟಿಯಾಗಿ ನಿಂತಿತ್ತು, ಇಡೀ ಥಿಯೇಟರಿಗೆ ಒಬ್ಬನೇ ಪ್ರೇಕ್ಷಕ. ಬೀರಿನ ಬಾಗಿಲು ಮುಚ್ಚಿತ್ತು. ನಡೆದು ಹೋಗುವಾಗ ತಗಡಿನ ಮೇಲೆ ಅವನ ಹೆಜ್ಜೆಯ ಸದ್ದು ಹಿಂದೆ ಹಿಂದೆಯೇ ಬಂತು. ಅದು ತನ್ನದೇ ಎಂದು ಹೀರೋ ಮನಸ್ಸು ಗಟ್ಟಿ ಮಾಡಿಕೊಂಡ.

ಬೀರು ತೆರೆದ. ಅಕ್ಕ ಹೊದಿಕೆಯ ಮೇಲೆ ಮಂಡಿ ಮಡಚಿ ಕೂತಿದ್ದಳು. ಕಣ್ಣು ಮುಚ್ಚಿತ್ತು. ಬಲಗೈ ಮೊಣಕೈವರೆಗೂ ಅಂಗಿಗಳ ನಡುವೆ ಹೋಗಿತ್ತು.

"ಬಾಗಿಲು ಹಾಕಿ," ಅಂದಳು. "ಬೆಳಕು ಬರ್ತಿದೆ."

"ಅಕ್ಕ, ನಾನು. ಏಳು."

"ಒಂದೂ ತೂತಿಲ್ಲ. ಎಷ್ಟು ಚೆನ್ನಾಗಿದೆ ಗೊತ್ತಾ..." ದನಿ ದೂರದಿಂದ ಬಂದಂತಿತ್ತು, ಬೀರಿಗಿಂತ ತುಂಬ ದೂರದಿಂದ.

ಅವನು ಅವಳ ಎಡಗೈ ಹಿಡಿದು ಎಳೆದ. ಅವಳು ಒಂದು ಗೇಣು ಬಂದಳು. ಅಂಗಿಗಳು ಅಲುಗಾಡಿದವು. ಮತ್ತೆ ಒಂದು ಗೇಣು ವಾಪಸ್ ಹೋದಳು. ಹೀರೋನ ತಲೆಯಲ್ಲಿ ಒಂದೇ ಒಂದು ಡೈಲಾಗ್ ಇರಲಿಲ್ಲ. ಎಷ್ಟು ಸಿನಿಮಾ ನೋಡಿದ್ದ, ಎಷ್ಟು ಅಬ್ಬರಿಸಿದ್ದ.

ಅವಳ ಬಲಗೈಯನ್ನೇ ಜಾಡಾಗಿ ಹಿಡಿದು ಅವನು ತನ್ನ ಕೈಯನ್ನೂ ಅಂಗಿಗಳ ನಡುವೆ ಇಳಿಸಿದ. ಮೊಣಕೈ ದಾಟಿತು, ಅವಳ ಬಳೆ ಸಿಕ್ಕಿತು, ಮಣಿಕಟ್ಟು ಸಿಕ್ಕಿತು. ಅದರಾಚೆ ಇನ್ನೊಂದು ಕೈ. ತಣ್ಣಗಿರಲಿಲ್ಲ, ಬೆಚ್ಚಗೂ ಇರಲಿಲ್ಲ, ಮರದ ಹಾಗಿತ್ತು. ಅಂಗೈ ದಡ್ಡುಗಟ್ಟಿತ್ತು. ಅಕ್ಕನ ಬೆರಳುಗಳನ್ನು ಅದು ಬಿಗಿಯಾಗಿ ಹಿಡಿದಿತ್ತು, ಮುಳುಗುವವನು ಹಿಡಿಯುತ್ತಾನಲ್ಲ, ಹಾಗೆ.

"ಭಾವ," ಅಂದ ಹೀರೋ. "ಬಡಿದದ್ದು ತೆಗೀರಿ ಅಂತ ಅಲ್ವಾ? ಒಳಗೆ ಬಾ ಅಂತ ಅಲ್ವಲ್ಲ? ಅವಳಿಗೆ ಗೊತ್ತಾಗ್ಲಿಲ್ಲ. ತೆಗೆದು ತೆಗೆದು ಮತ್ತೆ ಹಾಕ್ತಾ ಇದ್ಲು. ಈ ಸಲ ಹಾಕಲ್ಲ. ನಾನು ಬಾಗಿಲಲ್ಲಿ ಇದೀನಿ. ಆಟ ಆಡಲ್ಲ ಭಾವ. ಅವಳನ್ನ ಬಿಡಿ."

ಏನೂ ಆಗಲಿಲ್ಲ. ಹೊರಗೆ ಬೀದಿಯಲ್ಲಿ ಯಾರದೋ ಸ್ಕೂಟರ್ ಹಾದುಹೋಯಿತು. ಆಮೇಲೆ ಆ ಕೈ ಸಡಿಲಾಯಿತು. ಕಿರುಬೆರಳು ಮೊದಲು, ಪಕ್ಕದ್ದು ಆಮೇಲೆ, ಒಂದೊಂದಾಗಿ, ಮನಸ್ಸಿಲ್ಲದ ಮನಸ್ಸಿನಿಂದ. ಕೊನೆಗೆ ಹೆಬ್ಬೆರಳು ಅಕ್ಕನ ಗೆಣ್ಣುಗಳ ಮೇಲೆ ಒಮ್ಮೆ ಆಡಿ, ಇಲ್ಲವಾಯಿತು. ಅಂಗಿಗಳ ಹಿಂದೆ ಹೀರೋನ ಕೈ ಬರೀ ಹಲಗೆಗೆ ತಾಗಿತು, ಬಲು ಹತ್ತಿರದಲ್ಲೇ.

ಅಕ್ಕನನ್ನು ಅವನು ಬಾಗಿಲ ಬೆಳಕಿಗೆ ನಡೆಸಿಕೊಂಡು ಬಂದ. ಅವಳು ಕಂಟೇನರಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ತುಂಬ ಹೊತ್ತು ತನ್ನ ಅಂಗೈ ನೋಡಿಕೊಂಡಳು.

"ಒಳಗೆ ನನ್ನ ಕೈ ಹಿಡ್ಕೊಂಡಿದ್ದು ನೀನಾ?"

"ಹೂಂ."

"ಅಷ್ಟೊತ್ತಿಂದಾನೂ?"

"ಇನ್ಯಾರು ಹಿಡ್ಕೋತಾರೆ? ನಾನೇ," ಅಂದ ಹೀರೋ. ಜೀವನವಿಡೀ ಸುಳ್ಳು ಹೇಳಿದ್ದ. ಇದೊಂದನ್ನು ಹೇಳುವಾಗ ಮಾತ್ರ ಅವನಿಗೆ ನಗು ಬರಲಿಲ್ಲ.

ಅಕ್ಕ ನಂಬಿದಳೋ ಬಿಟ್ಟಳೋ. ಅಳಲು ಶುರು ಮಾಡಿದಳು. ಭಾವ ಹೋದ ದಿನವೂ ಅಳದಿದ್ದವಳು ಬೀದಿಯ ಜನರೆಲ್ಲ ಕಿಟಕಿಗೆ ಬರುವಂತೆ ಅತ್ತಳು. ಡ್ರೈವರ್ ತನ್ನ ನೀರಿನ ಬಾಟಲಿ ತಂದು ಪಕ್ಕದಲ್ಲಿಟ್ಟು ದೂರ ಹೋಗಿ ನಿಂತ.

"ಈಗ ಅದನ್ನ ಹೇಗೆ ಕಳಿಸ್ತೀಯೋ?" ಕಣ್ಣೊರೆಸಿಕೊಂಡು ಕೇಳಿದಳು. "ಇಲ್ಲೇ ಬಿಟ್ಟು ಹೋಗು ಅನ್ಬೇಡ. ಅದೊಂದು ನನ್ನ ಕೈಲಾಗಲ್ಲ."

ಹೀರೋ ಕಾಲರ್ ಎತ್ತಲಿಲ್ಲ. ಫುಲ್ ಎಂದರೆ ಸೀಲು ಬಿದ್ದ ಮೇಲೆ ನಡುಸಮುದ್ರದಲ್ಲಿ ಒಬ್ಬರೇ ಬಡಿಯುತ್ತಾ ಇರುವುದು. ಷೇರಿಂಗ್ ಎಂದರೆ ಆಚೆ ದಡದಲ್ಲಿ ತನ್ನ ಸೈಕಲ್ ಬಿಡಿಸಿಕೊಳ್ಳಲು ಬಂದ ಯಾರೋ ಪಾಪದವರು, ಏನೋ ಸದ್ದಾಯಿತಲ್ಲ ಎಂದು ಅಂಗಿಗಳ ನಡುವೆ ಕೈ ಹಾಕುವುದು.

"ಬಿಡಿ ಸರಕು," ಅಂದ. "ಹಡಗಿನ ಮೇಲೆ, ಬಯಲಲ್ಲಿ. ಬೀರಿನ ಬಾಗಿಲು ತೆಗೆದಿಟ್ಟು ಹಗ್ಗ ಕಟ್ತೀನಿ."

"ಉಪ್ಪುನೀರಿಗೆ ಮರ ಹಾಳಾಗುತ್ತಲ್ಲೋ."

"ಆಗ್ಲಿ ಬಿಡು. ಆಚೆ ಹೋಗೋ ಹೊತ್ತಿಗೆ ಅದು ಬರೀ ಬೀರು ಆಗಿದ್ರೆ ಸಾಕು. ನೀನು ವಿಮಾನದಲ್ಲಿ ಹೋಗಿ ಇಳಿಸ್ಕೋ."

ಮಾವ ಕಿರುಚಾಡಿದರು. ಬೀರಿನ ಬಾಗಿಲು ತೆರೆದಿಟ್ಟು ಹಡಗಿಗೆ ಏರಿಸಿದ್ದನ್ನು ತಮ್ಮ ತಾತನ ಕಾಲದಿಂದ ಕಂಡಿಲ್ಲ ಅಂದರು. ಅಕ್ಕ ಅವರ ಗಾಜಿನ ಗೂಡಿಗೆ ಹೋಗಿ, ಬಾಗಿಲು ಹಾಕಿಕೊಂಡು ಬೀರಿನಿಂದ ದಿನಾ ಬರುತ್ತಿದ್ದ ಬಡಿತದ ವಿಷಯ ಹೇಳಿದಳು. ಅವಳು ಹೊರಗೆ ಬಂದಾಗ ಮಾವನ ಮುಖ ಸುಣ್ಣದಂತಿತ್ತು. ಅಳಿಯನನ್ನು ಕರೆದು, ಮರದ ದಿಮ್ಮಿ ಒಯ್ಯುವ ಹಳೆಯ ಹಡಗೊಂದರಲ್ಲಿ ಜಾಗ ಮಾಡಿಸು ಎಂದಷ್ಟೇ ಹೇಳಿದರು. ಹೀರೋ ಎಂದು ಕರೆಯಲಿಲ್ಲ.

ಹಡಗು ಹೊರಡುವ ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಕಟ್ಟೆಯ ಮೇಲೆ ನಿಂತಿದ್ದರು. ಕ್ರೇನು ಬೀರನ್ನು ಎತ್ತಿತು. ಬಾಗಿಲುಗಳು ರೆಕ್ಕೆಯ ಹಾಗೆ ಬಿಚ್ಚಿಕೊಂಡಿದ್ದವು, ಒಳಗಿನ ಅಂಗಿಗಳ ಮೇಲೆ ಬಿಸಿಲು ಬಿದ್ದಿತ್ತು. ಬೀರು ಆಕಾಶದಲ್ಲಿ ಒಂದು ಸುತ್ತು ಸುತ್ತಿ, ದಿಮ್ಮಿಗಳ ರಾಶಿಯ ಪಕ್ಕದ ಇಕ್ಕಟ್ಟಿನಲ್ಲಿ ಇಳಿಯಿತು. ಹಡಗಿನ ಆಳೊಬ್ಬ ಹಗ್ಗ ಬಿಗಿದ. ಒಂದು ಬಾಗಿಲ ಕಟ್ಟು ಬಿಚ್ಚಿಹೋಗಿ, ಬಾಗಿಲು ಗಾಳಿಗೆ ಪಟಪಟ ಹೊಡೆದುಕೊಳ್ಳತೊಡಗಿತು.

ಆಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: "ಮೇಡಂ! ಬಾಗಿಲು ಹಾಕಿಬಿಡ್ಲಾ?"

ಹೀರೋ ಬಾಯಿ ತೆರೆಯುವ ಮುಂಚೆಯೇ ಅಕ್ಕ ಕೂಗಿದಳು. "ಬೇಡಾ! ತೆಗೆದೇ ಇರ್ಲಿ!" ಎಷ್ಟೋ ತಿಂಗಳ ನಂತರ ಕೇಳಿದ ದನಿ ಅದು, ಬಾಲ್ಯದಲ್ಲಿ ಇವನನ್ನು ಅಟ್ಟಿಸಿಕೊಂಡು ಬರುತ್ತಿದ್ದ ದನಿ.

ಆಳು ಭುಜ ಕುಣಿಸಿ ಬಾಗಿಲನ್ನು ಮತ್ತೆ ಹಿಂದಕ್ಕೆ ಮಡಚಿ ಕಟ್ಟಿದ. ಹೊರಡಲು ತಿರುಗಿದವನು ಒಮ್ಮೆ ನಿಂತ. ತಲೆ ಕೊಂಚ ಬಗ್ಗಿಸಿ, ಇಕ್ಕಟ್ಟು ದಾರಿಯಲ್ಲಿ ಬೀರಿನೊಳಗಿಂದ ಇಳಿದು ಬಂದ ಹಿರಿಯರಿಗೆ ಜಾಗ ಬಿಡುವವನ ಹಾಗೆ, ದಿಮ್ಮಿಗಳಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದ.